ಹಾಡುವ ಪೆಟ್ಟಿಗೆಗಳು ಗುಜರಿ ಸೇರುವ ಮುನ್ನ: ಕೊಡಗಿನಿಂದ ಒಂದು ಬಹಿರಂಗ ಪತ್ರ

ರಾಜ್ಯದ ವಸ್ತುಸಂಗ್ರಹಾಲಯಗಳ ಹೊಣೆ ಹೊತ್ತಿರುವ ಮಾನ್ಯ ಸಚಿವರಿಗೆ ಹಾಗೂ ಅಧಿಕಾರಿಗಳಿಗೆ,

ಸಾದರ ವಂದನೆಗಳು.

ನಾನು ವಿರಾಜಪೇಟೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟುಕೊಂಡು ಬದುಕಿದವನು. ತಂದೆಯವರಿಂದ ಬಂದ ಕಸುಬು. ಕೀ ಕೊಡುವ ಕೈಗಡಿಯಾರಗಳ ಕಾಲ ಮುಗಿದ ಮೇಲೂ ತೋಟದ ಬಂಗಲೆಗಳಿಂದ, ಐನ್‌ಮನೆಗಳಿಂದ (ಕೊಡವ ಮನೆತನಗಳ ಮೂಲಮನೆಗಳಿಂದ) ಹಳೆಯ ಗೋಡೆ ಗಡಿಯಾರಗಳಿಗಾಗಿ ಕರೆ ಬರುತ್ತಲೇ ಇತ್ತು. ಹೋದ ಕೆಲಸ ಮುಗಿಸಿ ಹೊರಡುವಾಗ ಮನೆಯವರು ಅಟ್ಟದಿಂದಲೋ ಮಂಚದ ಕೆಳಗಿನಿಂದಲೋ ಮತ್ತೊಂದು ವಸ್ತು ತಂದು, "ಇದನ್ನೂ ಒಮ್ಮೆ ನೋಡಿ" ಎನ್ನುತ್ತಿದ್ದರು. ಹಾಗೆ ನನ್ನ ಮುಂದೆ ಬಂದ ಸಂಗೀತ ಪೆಟ್ಟಿಗೆಗಳು, ತಟ್ಟೆ ಹಾಕಿ ನುಡಿಸುವ ಯಂತ್ರಗಳು, ಕಾಗದದ ಸುರುಳಿಯಿಂದ ತಾನೇ ನುಡಿಯುವ ಪಿಯಾನೊಗಳ ಸಲುವಾಗಿ ತಮಗೆ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಅಹವಾಲು ಎರಡು. ಕೊಡಗಿನ ಮನೆಗಳಲ್ಲಿ ಉಳಿದಿರುವ ಈ ವಾದ್ಯಗಳನ್ನು ಸಂಗ್ರಹಾಲಯಗಳು ಸ್ವೀಕರಿಸಲು ಒಂದು ನೇರವಾದ ದಾರಿ ಬೇಕು. ಸ್ವೀಕರಿಸಿದ ಮೇಲೆ ಅವುಗಳನ್ನು ಬಲ್ಲವರಲ್ಲದೆ ಬೇರೆ ಯಾರೂ ಬಿಚ್ಚಬಾರದು, ಎಣ್ಣೆ ಹಾಕಬಾರದು, ಬಣ್ಣ ಬಳಿಯಬಾರದು. ಈಗ ಎರಡೂ ಇಲ್ಲ. ಕೊಡಲು ಮನಸ್ಸಿದ್ದವರ ವಸ್ತು ಗುಜರಿಗೆ ಹೋಗುತ್ತಿದೆ, ಹೇಗೋ ಸಂಗ್ರಹಾಲಯ ಸೇರಿದ್ದು ಅಲ್ಲಿಯೇ ಹಾಳಾಗುತ್ತಿದೆ.

ಇಂಥ ವಸ್ತು ಕೊಡಗಿಗೆ ಬಂದದ್ದಾದರೂ ಹೇಗೆ ಎಂದು ತಾವು ಕೇಳಬಹುದು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡರು. 1850ರ ದಶಕದಿಂದ ಐರೋಪ್ಯ ಪ್ಲಾಂಟರುಗಳು ಕಾಡು ಕಡಿದು ಕಾಫಿ ತೋಟ ಮಾಡಿದರು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಂಗಲೆ ಬಿಟ್ಟು ಹೊರಗೆ ಹೋಗಲಾಗದ ಆ ಜನ ಸಂಗೀತವನ್ನು ಪೆಟ್ಟಿಗೆಯಲ್ಲಿ ತರಿಸಿಕೊಂಡರು. ಸ್ವಾತಂತ್ರ್ಯದ ಹೊತ್ತಿಗೆ ಹಲವರು ತೋಟ ಮಾರಿ ಹೊರಟಾಗ ಬಂಗಲೆಯನ್ನು ಸಾಮಾನು ಸಮೇತ ಕೊಟ್ಟುಹೋದರು. ಮತ್ತೆ ಕೆಲವು, ಸೈನ್ಯದಲ್ಲಿದ್ದ ನಮ್ಮವರೇ ಹೊರದೇಶದಿಂದ ಮರಳುವಾಗ ಮನೆಯವರಿಗೆಂದು ತಂದವು. ಹೀಗಾಗಿ ಈ ವಸ್ತುಗಳನ್ನು ಪರದೇಶದ ಆಟಿಕೆ ಎಂದು ತಳ್ಳಿಹಾಕುವುದು ಸರಿಯಲ್ಲ. ಎಷ್ಟೋ ಮಳೆಗಾಲಗಳ ಸಂಜೆಗಳಲ್ಲಿ ಬಂಗಲೆಯ ಬಟ್ಲರನೂ ತೋಟದ ಲೆಕ್ಕ ಬರೆಯುವ ರೈಟರನೂ ಅವರ ಮಕ್ಕಳೂ ಬಾಗಿಲ ಆಚೆ ನಿಂತು ಕೇಳಿದ್ದು ಇದೇ ಹಾಡುಗಳನ್ನು.

ಇವು ಗ್ರಾಮಫೋನುಗಳಲ್ಲ ಎಂಬುದನ್ನು ಮೊದಲು ಸ್ಪಷ್ಟಪಡಿಸಬೇಕು. ನಾನು ಮಾತನಾಡಿಸಿದ ಅಧಿಕಾರಿಗಳಲ್ಲಿ ಹೆಚ್ಚಿನವರು ಎರಡನ್ನೂ ಒಂದೇ ಎಂದುಕೊಂಡಿದ್ದರು. ಗ್ರಾಮಫೋನು ಎಲ್ಲೋ ಹಾಡಿದ್ದನ್ನು ಮತ್ತೆ ಕೇಳಿಸುತ್ತದೆ. ಸಂಗೀತ ಪೆಟ್ಟಿಗೆ ನಮ್ಮ ಕಣ್ಣೆದುರಿಗೇ ನುಡಿಸುತ್ತದೆ, ಅದು ಸ್ವತಃ ವಾದ್ಯ. 1796ರಲ್ಲಿ ಜಿನೀವಾದ ಗಡಿಯಾರ ಕುಶಲಕರ್ಮಿ ಆಂಟ್ವಾನ್ ಫಾವ್ರ್, ಉಕ್ಕಿನ ಹಲ್ಲುಗಳನ್ನು ಮೀಟಿ ಸ್ವರ ಹೊರಡಿಸುವ ಉಪಾಯ ಕಂಡುಹಿಡಿದ. ಹಿತ್ತಾಳೆಯ ಉರುಳೆಯ ಮೈತುಂಬ ಸಾವಿರಾರು ಸಣ್ಣ ಮೊಳೆಗಳು. ಅದರ ಪಕ್ಕದಲ್ಲಿ ಬಾಚಣಿಗೆಯಂತೆ ಸೀಳಿದ ಉಕ್ಕಿನ ಪಟ್ಟಿ. ಉರುಳೆ ತಿರುಗಿದಂತೆ ಮೊಳೆ ಹಲ್ಲನ್ನು ಎತ್ತಿ ಬಿಡುತ್ತದೆ, ಹಲ್ಲು ಮಿಡಿಯುತ್ತದೆ. ಒಂದು ಹಾಡು ಮುಗಿದೊಡನೆ ಉರುಳೆ ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ, ಆಗ ಬೇರೊಂದು ಸಾಲಿನ ಮೊಳೆಗಳು ಹಲ್ಲುಗಳ ಎದುರಿಗೆ ಬಂದು ಎರಡನೆಯ ಹಾಡು ಶುರುವಾಗುತ್ತದೆ. ಎಡಿಸನ್ ಧ್ವನಿಯನ್ನು ಹಿಡಿದಿಟ್ಟದ್ದು 1877ರಲ್ಲಿ. ಅದಕ್ಕೆ ಮುಂಚಿನ ಕಾಲದ ಜನ ಒಂದು ರಾಗವನ್ನು ಎಷ್ಟು ವೇಗದಲ್ಲಿ, ಯಾವ ಅಲಂಕಾರಗಳೊಂದಿಗೆ ಕೇಳುತ್ತಿದ್ದರು ಎಂಬುದಕ್ಕೆ ಕಿವಿಯಿಂದಲೇ ಓದಬಹುದಾದ ಸಾಕ್ಷಿ ಈ ಉರುಳೆಗಳ ಮೇಲಿದೆ.

1880ರ ದಶಕದಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸಿಂಫೋನಿಯನ್, ಆಮೇಲೆ ಪಾಲಿಫೋನ್ ಕಂಪನಿಗಳು ಉರುಳೆಯ ಬದಲು ಲೋಹದ ತಟ್ಟೆ ತಂದವು. ತಟ್ಟೆಯ ಅಡಿಯ ಮುಳ್ಳುಗಳು ನಕ್ಷತ್ರದಾಕಾರದ ಪುಟ್ಟ ಚಕ್ರಗಳನ್ನು ತಿರುಗಿಸುತ್ತವೆ, ಚಕ್ರಗಳು ಉಕ್ಕಿನ ಹಲ್ಲನ್ನು ಮೀಟುತ್ತವೆ. ತಟ್ಟೆ ಬದಲಿಸಿದರೆ ಹಾಡು ಬದಲು. 1890ರ ದಶಕದ ಕೊನೆಯಲ್ಲಿ ಬಂದ ಪಿಯಾನೊಲಾದಲ್ಲಿ ಕಾಲಿನಿಂದ ತಿದಿ ಒತ್ತಿದರೆ ಗಾಳಿ ಸೆಳೆದುಕೊಂಡು, ಕಾಗದದ ಸುರುಳಿಯ ತೂತು ಬಂದಲ್ಲಿ ಆಯಾ ಸ್ವರದ ಸುತ್ತಿಗೆ ತಂತಿಯನ್ನು ಹೊಡೆಯುತ್ತದೆ. 1904ರ ವೆಲ್ಟೆ-ಮಿನ್ಯೋನ್ ಯಂತ್ರವಂತೂ ನಿಜವಾದ ಪಿಯಾನೊ ವಾದಕರ ಬೆರಳಿನ ಒತ್ತಡದ ಏರಿಳಿತವನ್ನೇ ಕಾಗದಕ್ಕೆ ಇಳಿಸಿತು. ಗ್ರಾಮಫೋನು, ರೇಡಿಯೊ ಬಂದ ಮೇಲೆ ಈ ಇಡೀ ಉದ್ಯಮ ಕುಸಿಯಿತು. ಹೊಸದು ಹೆಚ್ಚು ತಯಾರಾಗುವುದಿಲ್ಲ. ಇರುವುದನ್ನು ಉಳಿಸಿಕೊಂಡರೆ ಉಂಟು.

ಈಗ ನಾನು ಕಂಡದ್ದನ್ನು ಹೇಳುತ್ತೇನೆ. ಯಾರ ಹೆಸರನ್ನೂ ಯಾವ ಕಚೇರಿಯ ಹೆಸರನ್ನೂ ಬರೆಯುವುದಿಲ್ಲ. ಒಬ್ಬ ಗುಮಾಸ್ತರ ಮೇಲೋ ಒಬ್ಬ ಮಾಲೀಕರ ಮೇಲೋ ಕ್ರಮ ಆಗಲಿ ಎಂಬುದು ನನ್ನ ಉದ್ದೇಶವಲ್ಲ.

ಸಿದ್ದಾಪುರದ ಕಡೆಯ ಒಂದು ತೋಟ ಕೈ ಬದಲಾದಾಗ ಬಂಗಲೆಯ ಹಾಲ್‌ನಲ್ಲಿದ್ದ ಪಿಯಾನೊಲಾವನ್ನು ಜಾಗ ಖಾಲಿ ಮಾಡಲೆಂದು ಬಿಚ್ಚಿದರು. ನಾನು ಹೋದಾಗ ಅದರ ಎರಕದ ಕಬ್ಬಿಣದ ಚೌಕಟ್ಟು ವರಾಂಡದಲ್ಲಿತ್ತು, ಗುಜರಿಯವರು ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟಿ ಆಗಿತ್ತು. ಒಳಗಿನ ಸೀಸದ ಕೊಳವೆಗಳು ಮೊದಲೇ ಮಾರಾಟವಾಗಿದ್ದವು. ಕಾಗದದ ಸುರುಳಿಗಳನ್ನು ಕೇಳಿದೆ. ಬಚ್ಚಲ ಒಲೆಯ ಪಕ್ಕದಲ್ಲಿ ಅರ್ಧ ಡಬ್ಬಿ ಉಳಿದಿತ್ತು. ಉಳಿದವು ನೀರು ಕಾಯಿಸಲು ಹೋಗಿದ್ದವು. ಒಂದು ಸುರುಳಿಯನ್ನು ಬಿಡಿಸಿ ಬೆಳಕಿಗೆ ಹಿಡಿದೆ. ಸಾಲುಸಾಲು ತೂತುಗಳು, ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದ ಗುರುತು, ಎಲ್ಲಿ ನಿಧಾನ ಮಾಡಬೇಕು ಎಂದು. ಆ ಮನೆಯವರು ಕೆಟ್ಟವರಲ್ಲ. ಇದನ್ನು ಕೇಳುವವರು ಯಾರಾದರೂ ಇದ್ದಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಎರಡನೆಯದು ಇನ್ನೂ ನೋವಿನದು, ಏಕೆಂದರೆ ಇಲ್ಲಿ ಕೊಡುವ ಮನಸ್ಸು ಇತ್ತು. ಸೋಮವಾರಪೇಟೆ ಕಡೆಯ ಒಬ್ಬ ಹಿರಿಯ ತಾಯಿಯ ಬಳಿ ಉರುಳೆಯ ಸಂಗೀತ ಪೆಟ್ಟಿಗೆ ಇದೆ. ಬೀಟೆ ಬಣ್ಣದ ಮುಚ್ಚಳದ ಮೇಲೆ ಕೆತ್ತಿ ಕೂಡಿಸಿದ ಹೂವಿನ ಚಿತ್ತಾರ, ಒಳಗೆ ಗಾಜಿನ ಎರಡನೆಯ ಮುಚ್ಚಳ, ಮುಚ್ಚಳದ ಒಳಮೈಗೆ ಅಂಟಿಸಿದ ಹಾಡುಗಳ ಪಟ್ಟಿ, ಅದರ ಮೂಲೆಯಲ್ಲಿ ಶಾಯಿಯಲ್ಲಿ ಬರೆದ ಕ್ರಮಸಂಖ್ಯೆ. ಈ ಪಟ್ಟಿ ಮತ್ತು ಕ್ರಮಸಂಖ್ಯೆಯಿಂದ ತಯಾರಕರು ಯಾರು, ಸರಿಸುಮಾರು ಯಾವ ಕಾಲದ್ದು ಎಂಬುದನ್ನು ಬಲ್ಲವರು ಹೇಳಬಲ್ಲರು. ಪ್ರತಿ ಮಳೆಗಾಲದಲ್ಲಿ ಆ ತಾಯಿ ಪೆಟ್ಟಿಗೆಯನ್ನು ಕಪಾಟಿನೊಳಗಿಟ್ಟು, ಕೆಳಗಿನ ಅರೆಯಲ್ಲಿ ಹಗಲೂ ರಾತ್ರಿ ಒಂದು ಬಲ್ಬು ಉರಿಸುತ್ತಾರೆ. ಬಟ್ಟೆಗೆ ಬೂಷ್ಟು ಹಿಡಿಯದಿರಲು ಕೊಡಗಿನ ಮನೆಗಳಲ್ಲಿ ಮಾಡುವ ಉಪಾಯವೇ ಅದು. ಕರೆಂಟು ಹೋದ ದಿನಗಳಲ್ಲಿ ಕಂಬಳಿ ಸುತ್ತುತ್ತಾರೆ. "ಮಕ್ಕಳು ಊರಲ್ಲಿಲ್ಲ. ನಾನು ಹೋದ ಮೇಲೆ ಇದಕ್ಕೆ ಬಲ್ಬು ಹಾಕುವವರು ಯಾರು? ಮ್ಯೂಸಿಯಮ್ಮಿಗೆ ಕೊಟ್ಟುಬಿಡೋಣ" ಎಂದರು.

ಅವರ ಪರವಾಗಿ ನಾನು ಸಂಬಂಧಪಟ್ಟ ಕಚೇರಿಯೊಂದಕ್ಕೆ ಹೋದೆ. ಶಿಲ್ಪವೇ, ಶಾಸನವೇ, ಆಯುಧವೇ ಎಂದು ಕೇಳಿದರು. ಅಲ್ಲ ಎಂದೆ. ಹಾಗಾದರೆ ಪೀಠೋಪಕರಣವೇ, ಗಡಿಯಾರವೇ ಎಂದರು. ಯಾವ ಶೀರ್ಷಿಕೆಯಡಿ ದಾಖಲಿಸಬೇಕೆಂದು ಅವರಿಗೆ ತೋಚಲಿಲ್ಲ. ಖರೀದಿಯ ರಸೀದಿ ಕೇಳಿದರು. ನೂರು ವರ್ಷ ದಾಟಿದ ವಸ್ತುವಿಗೆ, ಅತ್ತೆಯಿಂದ ಸೊಸೆಗೆ ಬಂದದ್ದಕ್ಕೆ ರಸೀದಿ ಎಲ್ಲಿಂದ ತರುವುದು? ಅರ್ಜಿ ಬರೆದು ಕೊಡಿ ಎಂದರು, ಬರೆದುಕೊಟ್ಟೆವು. ಉತ್ತರ ಬರಲಿಲ್ಲ. ನಡುವೆ ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಎರಡು ಸಲ ಮನೆ ಬಾಗಿಲಿಗೆ ಬಂದು ಹೋಗಿದ್ದಾರೆ. ವ್ಯಾಪಾರಿ ಕೇಳಿದ್ದು ರಸೀದಿಯನ್ನಲ್ಲ, ಬೆಲೆಯನ್ನು. ಅವರು ಒಯ್ದರೆ ಪೆಟ್ಟಿಗೆಯೊಂದಿಗೆ ಅದರ ಕಥೆ ಹೋಗುವುದಿಲ್ಲ. ಯಾರ ಮನೆಯಲ್ಲಿತ್ತು, ಯಾರು ತಂದರು, ಯಾವ ಹಬ್ಬಕ್ಕೆ ಕೀ ಕೊಡುತ್ತಿದ್ದರು ಎಂಬುದೆಲ್ಲ ಇಲ್ಲೇ ಕಳಚಿಬೀಳುತ್ತದೆ.

ಮೂರನೆಯದನ್ನು ಹೊರಜಿಲ್ಲೆಯ ಒಂದು ಸಂಗ್ರಹಾಲಯದಲ್ಲಿ ಕಂಡೆ. ಗೋಡೆಗೆ ಆನಿಸಿಟ್ಟ ತಟ್ಟೆಯ ಸಂಗೀತ ಯಂತ್ರ. ದೂರದಿಂದಲೇ ಥಳಥಳ ಹೊಳೆಯುತ್ತಿತ್ತು. ಹತ್ತಿರ ಹೋಗಿ ಬಗ್ಗಿ ನೋಡಿದರೆ ಉಕ್ಕಿನ ಹಲ್ಲುಗಳ ಮೇಲೆ ಬೆಳ್ಳಿ ಬಣ್ಣ ಬಳಿದಿದ್ದರು. ಎರಡು ಹಲ್ಲುಗಳ ನಡುವಿನ ಸಂದಿನಲ್ಲಿ ಬಣ್ಣ ಇಳಿದು ಗಟ್ಟಿಯಾಗಿ ಒಂದಕ್ಕೊಂದು ಕಚ್ಚಿಕೊಂಡಿತ್ತು. ನಕ್ಷತ್ರ ಚಕ್ರಗಳಿಗೆ ತೆಂಗಿನೆಣ್ಣೆ ಹಾಕಿದ್ದರು. ಅದು ಧೂಳಿನೊಂದಿಗೆ ಸೇರಿ ಕಂದು ಅಂಟಾಗಿ ಕುಳಿತಿತ್ತು, ವಾಸನೆಯೂ ಬರುತ್ತಿತ್ತು. ಅಲ್ಲಿನ ಸಿಬ್ಬಂದಿ ಹೆಮ್ಮೆಯಿಂದ, "ತುಕ್ಕು ಹಿಡಿದಿತ್ತು ಸಾರ್, ಎಮರಿ ಕಾಗದದಲ್ಲಿ ಉಜ್ಜಿ ಪೇಂಟ್ ಮಾಡಿಸಿದ್ದೇವೆ" ಎಂದರು. ಅವರ ಶ್ರದ್ಧೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ವಾದ್ಯ ಇನ್ನು ಸರಿಯಾಗಿ ಹಾಡುವುದು ಕಷ್ಟ.

ಏಕೆ ಎಂದು ಸ್ವಲ್ಪ ವಿವರವಾಗಿಯೇ ಹೇಳಬೇಕು. ಉಕ್ಕಿನ ಒಂದೊಂದು ಹಲ್ಲೂ ಒಂದೊಂದು ಸ್ವರಕ್ಕೆ ಹೊಂದಿಸಿದ್ದು. ತುದಿಯಿಂದ ಲೋಹ ಸವೆದರೆ ಸ್ವರ ಏರುತ್ತದೆ, ಬುಡದಲ್ಲಿ ಸವೆದರೆ ಇಳಿಯುತ್ತದೆ. ಎಮರಿ ಕಾಗದದಲ್ಲಿ ಉಜ್ಜುವುದೆಂದರೆ ಶ್ರುತಿಯನ್ನೇ ಉಜ್ಜಿದಂತೆ. ತಗ್ಗುಸ್ವರದ ಹಲ್ಲುಗಳ ಅಡಿಯಲ್ಲಿ ತೂಕಕ್ಕೆಂದು ಸೀಸದ ತುಣುಕುಗಳಿರುತ್ತವೆ. ಮರದ ಪೆಟ್ಟಿಗೆಯಿಂದ ಹೊರಡುವ ಆಮ್ಲದ ಆವಿ ಮತ್ತು ತೇವ ಸೇರಿದರೆ ಆ ಸೀಸ ಬಿಳಿ ಪುಡಿಯಾಗಿ ಉಬ್ಬಿ ಪಕ್ಕದ ಹಲ್ಲನ್ನು ಒತ್ತುತ್ತದೆ. ಹಲ್ಲಿನ ತುದಿಯ ಕೆಳಗೆ ಕೂದಲಿನಷ್ಟು ತೆಳುವಾದ ತಂತಿ, ಏರುಸ್ವರದ ಹಲ್ಲುಗಳಿಗೆ ಹಕ್ಕಿಯ ಗರಿಯ ಚೂರು ಇರುತ್ತದೆ. ಹಿಂದಿನ ಮಿಡಿತವನ್ನು ಅಡಗಿಸಿ ಹೊಸ ಮಿಡಿತಕ್ಕೆ ಹಲ್ಲನ್ನು ಸಿದ್ಧ ಮಾಡುವುದು ಅದರ ಕೆಲಸ. ಒರೆಸುವ ಬಟ್ಟೆ ಒಮ್ಮೆ ಹಾಯ್ದರೆ ಅದು ಹೋಯಿತು, ಆಮೇಲೆ ಪ್ರತಿ ಸ್ವರದ ಹಿಂದೆ ಕಿರಿಕಿರಿ ಸದ್ದು.

ಎಲ್ಲಕ್ಕಿಂತ ಅಪಾಯದ್ದು ಸ್ಪ್ರಿಂಗ್. ಉರುಳೆಯ ವೇಗವನ್ನು ತಡೆಹಿಡಿಯುವುದು ಒಂದು ಸಣ್ಣ ತಿರುಪು ಮತ್ತು ಗಾಳಿಯನ್ನು ಬೀಸುವ ಎರಡು ರೆಕ್ಕೆ, ಅಷ್ಟೆ. ಕೀ ಕೊಟ್ಟ ಸ್ಥಿತಿಯಲ್ಲಿ ಅದನ್ನು ಯಾರಾದರೂ ಸಡಿಲಿಸಿದರೆ ಸ್ಪ್ರಿಂಗಿನ ಶಕ್ತಿಯೆಲ್ಲ ಒಮ್ಮೆಗೇ ಉರುಳೆಗೆ ಬರುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಉರುಳೆ ಗಿರ್ರನೆ ತಿರುಗಿ ಮೊಳೆಗಳು ಬಾಗಿ, ಹಲ್ಲುಗಳು ಸಾಲಾಗಿ ಮುರಿದುಬೀಳುತ್ತವೆ. ಒಂದೂವರೆ ಶತಮಾನ ಉಳಿದದ್ದು ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಬಿಚ್ಚುವವರ ಬೆರಳಿಗೂ ಅಪಾಯ. ಆದ್ದರಿಂದ ಹಳೆಯ ಪೆಟ್ಟಿಗೆ ಕೈಗೆ ಬಂದಾಗ "ಹಾಡುತ್ತದೆಯೋ ನೋಡೋಣ" ಎಂದು ಕೀ ಕೊಡುವುದೇ ಮೊದಲ ತಪ್ಪು. ಪರೀಕ್ಷಿಸದೆ ಕೀ ಕೊಡಬಾರದು, ಸ್ಪ್ರಿಂಗಿನ ಬಿಗುವನ್ನು ಪೂರ್ತಿ ಇಳಿಸದೆ ಒಂದು ತಿರುಪನ್ನೂ ಮುಟ್ಟಬಾರದು. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ರಾಜ್ಯದ ಎಲ್ಲ ಸಂಗ್ರಹಾಲಯಗಳಿಗೆ, ದೇವಸ್ಥಾನ, ಚರ್ಚು, ಕ್ಲಬ್ಬು, ಹಳೆಯ ಶಾಲೆಗಳಿಗೆ ಕಳುಹಿಸಿದರೆ ಎಷ್ಟೋ ಹಾನಿ ತಪ್ಪುತ್ತದೆ. ಆ ಹಾಳೆಯನ್ನು ಬರೆದುಕೊಡಲು ನಾನು ಸಿದ್ಧ, ಸಂಬಳ ಬೇಡ.

ಪಿಯಾನೊಲಾದ ತೊಂದರೆ ಬೇರೆ. ಅದರ ಜೀವ ಇರುವುದು ತಿದಿಯ ರಬ್ಬರ್ ಬಟ್ಟೆ, ತೊಗಲಿನ ಸಣ್ಣ ಚೀಲಗಳು, ಮತ್ತು ಪ್ರಾಣಿಗಳ ಚರ್ಮ-ಎಲುಬಿನಿಂದ ಮಾಡಿದ ಹಳೆಯ ಬಿಸಿ ಅಂಟಿನಲ್ಲಿ. ರಬ್ಬರ್ ಬಿರುಕು ಬಿಡುತ್ತದೆ, ತೊಗಲಿಗೆ ಬೂಷ್ಟು ಬರುತ್ತದೆ, ಅಂಟು ತೇವಕ್ಕೆ ಬಿಡುತ್ತದೆ, ಮರಕ್ಕೆ ಗೆದ್ದಲು. ಇದನ್ನು ಕಂಡ ನಮ್ಮ ಬಡಗಿಗಳು ಒಳ್ಳೆಯ ಮನಸ್ಸಿನಿಂದಲೇ ಈಗಿನ ಬಿಳಿ ಅಂಟು ಸುರಿದು ಕೂಡಿಸುತ್ತಾರೆ. ಹಳೆಯ ಅಂಟನ್ನು ಬಿಸಿ ಮತ್ತು ತೇವ ಕೊಟ್ಟು ಬಿಡಿಸಿಕೊಳ್ಳಬಹುದು, ಮುಂದಿನ ತಲೆಮಾರಿನವರು ಮತ್ತೆ ರಿಪೇರಿ ಮಾಡಬಹುದು. ಬಿಳಿ ಅಂಟು ಹಾಕಿದ ಮೇಲೆ ಬಿಚ್ಚಬೇಕೆಂದರೆ ಹೆಚ್ಚಾಗಿ ಮರವನ್ನೇ ಒಡೆಯಬೇಕಾಗುತ್ತದೆ.

ನಾನು ರಿಪೇರಿ ಮಾಡಿ ಹೊಟ್ಟೆ ಹೊರೆದವನು. ಆದರೂ ಹೇಳುತ್ತೇನೆ: ಎಲ್ಲವನ್ನೂ ಹಾಡಿಸಲೇಬೇಕೆಂಬ ಹಟ ಬೇಡ. ಇದಕ್ಕೆ ಉದಾಹರಣೆ ನಮ್ಮ ರಾಜ್ಯದ್ದೇ ಇದೆ. ಶ್ರೀರಂಗಪಟ್ಟಣದಿಂದ 1799ರಲ್ಲಿ ಇಂಗ್ಲಿಷರು ಒಯ್ದ ಟಿಪ್ಪುವಿನ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. ಟಿಪ್ಪುವಿನ ಹೆಸರು ಕೊಡಗಿನ ಮನೆಗಳಲ್ಲಿ ಯಾವ ನೆನಪನ್ನು ಎಬ್ಬಿಸುತ್ತದೆ ಎಂದು ನನಗೆ ಗೊತ್ತು, ಆ ವಿಚಾರ ಈ ಪತ್ರದ್ದಲ್ಲ. ಯಂತ್ರವಾಗಿ ಅದನ್ನು ನೋಡೋಣ. ಹಿಡಿಕೆ ತಿರುಗಿಸಿದರೆ ಕೆಳಗೆ ಬಿದ್ದ ಮನುಷ್ಯನ ಕೈ ಎದ್ದು ಇಳಿಯುತ್ತದೆ, ಅವನ ನರಳಾಟ ಮತ್ತು ಹುಲಿಯ ಗುರುಗುಟ್ಟುವಿಕೆ ಕೇಳುತ್ತದೆ, ಹುಲಿಯ ಮೈಯೊಳಗೆ ನುಡಿಸಬಹುದಾದ ಒಂದು ಆರ್ಗನ್ ಇದೆ. 1808ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಅದನ್ನು ಜನರ ಮುಂದಿಟ್ಟಾಗ ಬಂದವರೆಲ್ಲ ಹಿಡಿಕೆ ತಿರುಗಿಸಿ ಸವೆಸಿದರು. ಎರಡನೆಯ ಮಹಾಯುದ್ಧದಲ್ಲಿ ಛಾವಣಿ ಕುಸಿದು ಅದು ಚೂರುಚೂರಾಯಿತು. ಮತ್ತೆ ಜೋಡಿಸಿದರು. ಆದರೆ ಆರ್ಗನ್ನಿನ ದುರಸ್ತಿಗಳಲ್ಲಿ ಮೂಲದ ಕೆಲಸದ ರೀತಿಯೇ ಬದಲಾಗಿದೆ ಎಂದು ಯಾಂತ್ರಿಕ ವಾದ್ಯಗಳ ಇತಿಹಾಸಕಾರ ಆರ್ಥರ್ ಆರ್ಡ್-ಹ್ಯೂಮ್ ಆಕ್ಷೇಪಿಸಿದ್ದರು. ಲಂಡನ್ನಿನಂಥ ಕಡೆ, ಅಷ್ಟು ಹಣ, ಅಷ್ಟು ಪರಿಣತರು ಇರುವಲ್ಲಿಯೇ ರಿಪೇರಿ ಹೆಚ್ಚಾಗಿ ಮೂಲ ಅಳಿಸುವ ಭಯ ಇರುವಾಗ, ನಾವು ಎಮರಿ ಕಾಗದ ಹಿಡಿದು ಕೂರುವುದು ಯಾವ ಧೈರ್ಯದಿಂದ? ಇಂದು ಆ ಹುಲಿಯನ್ನು ತೀರ ಅಪರೂಪಕ್ಕೆ ಮಾತ್ರ ನುಡಿಸುತ್ತಾರೆ.

ಹಾಗೆಂದು ಎಲ್ಲವನ್ನೂ ಗಾಜಿನೊಳಗೆ ಮೂಕವಾಗಿಡಿ ಎನ್ನುತ್ತಿಲ್ಲ. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿ ಗಂಟೆ ಸಮೀಪಿಸಿದಂತೆ ಜನ ಓಡೋಡಿ ಬಂದು ಒಂದು ಗಡಿಯಾರದ ಮುಂದೆ ಕೂರುತ್ತಾರೆ, ಒಳಗಿನಿಂದ ಗಡ್ಡದ ಪುಟ್ಟ ಮನುಷ್ಯ ಬಂದು ಗಂಟೆ ಬಾರಿಸಿ ಹೋಗುವುದನ್ನು ನೋಡಲು. ಅಷ್ಟು ದೊಡ್ಡ ಸಂಗ್ರಹದಲ್ಲಿ ಜನ ಕಾದು ಕುಳಿತು ನೋಡುವುದು ಆ ಚಲಿಸುವ ಯಂತ್ರವನ್ನು. ನೆದರ್ಲೆಂಡ್ಸ್‌ನ ಊಟ್ರೆಕ್ಟ್ ನಗರದಲ್ಲಿ 1956ರ ಒಂದು ಪ್ರದರ್ಶನದಿಂದ ಹುಟ್ಟಿದ ಸ್ಪೀಲ್‌ಕ್ಲಾಕ್ ಸಂಗ್ರಹಾಲಯ ಇಡಿಯಾಗಿ ಇಂಥ ವಾದ್ಯಗಳಿಗೇ ಮೀಸಲು. ಅಲ್ಲಿ ಸ್ವಂತ ದುರಸ್ತಿ ಕಾರ್ಯಾಗಾರವಿದೆ. ಗಟ್ಟಿಯಾಗಿರುವ ವಾದ್ಯಗಳನ್ನು ಸಂದರ್ಶಕರಿಗೆ ನುಡಿಸಿ ತೋರಿಸುತ್ತಾರೆ. ಅದು ನೆಲೆಸಿರುವುದು ಮಧ್ಯಯುಗದ ಹಳೆಯ ಚರ್ಚಿನಲ್ಲಿ. ಮಡಿಕೇರಿ ಕೋಟೆಯ ಒಳಗೆ ನಮ್ಮ ವಸ್ತುಸಂಗ್ರಹಾಲಯ ಇರುವುದೂ 1850ರ ದಶಕದಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿಯೇ. ಎತ್ತರದ ಛಾವಣಿ, ಬಣ್ಣದ ಗಾಜಿನ ಕಿಟಕಿಗಳಿರುವ ಆ ಹಾಲ್‌ನಲ್ಲಿ ಒಂದು ಸಂಗೀತ ಪೆಟ್ಟಿಗೆ ನುಡಿದರೆ ಹೇಗಿರುತ್ತದೆ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ನನ್ನ ಅಭಿಪ್ರಾಯ ಇಷ್ಟು. ಪ್ರತಿ ವಾದ್ಯ ಬಂದೊಡನೆ ಇದ್ದ ಸ್ಥಿತಿಯಲ್ಲಿಯೇ ಫೋಟೊ ತೆಗೆದು, ಅಳತೆ, ಕ್ರಮಸಂಖ್ಯೆ, ಮನೆಯ ಕಥೆ ಬರೆದಿಡಬೇಕು. ಬಲ್ಲವರು ನೋಡಿ, ಸ್ವಚ್ಛ ಮಾಡಿದರೆ ಸಾಕೇ, ರಿಪೇರಿ ಬೇಕೇ, ಹಾಗೆಯೇ ಬಿಡಬೇಕೇ ಎಂದು ಬರಹದಲ್ಲಿ ಹೇಳಬೇಕು. ಬದಲಿಸಿದ ಹಳೆಯ ಭಾಗವನ್ನು ಎಸೆಯದೆ ಚೀಟಿ ಕಟ್ಟಿ ಅದರ ಜೊತೆಗೇ ಇಡಬೇಕು. ನುಡಿಸಬಹುದಾದದ್ದನ್ನು ಒಮ್ಮೆ ಚೆನ್ನಾಗಿ ಧ್ವನಿಮುದ್ರಿಸಿ ದಿನವೂ ಆ ಮುದ್ರಣವನ್ನು ಕೇಳಿಸಬಹುದು, ವಾದ್ಯವನ್ನು ವರ್ಷದಲ್ಲಿ ಗೊತ್ತುಪಡಿಸಿದ ಕೆಲವೇ ದಿನ, ಒಣ ಹವೆಯ ತಿಂಗಳುಗಳಲ್ಲಿ, ತರಬೇತಿ ಪಡೆದವರು ಮಾತ್ರ ನುಡಿಸಬಹುದು.

ಇದನ್ನೆಲ್ಲ ಮಾಡುವ ಕೈಗಳು ಎಲ್ಲಿವೆ ಎಂಬ ಪ್ರಶ್ನೆ ನ್ಯಾಯವಾದದ್ದು. ನಮ್ಮಲ್ಲಿಯೇ ಇವೆ, ಒಂದೆಡೆ ಸೇರಿಸಿಲ್ಲ ಅಷ್ಟೆ. ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಶುರುವಾಯಿತು. 2016ರಲ್ಲಿ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಕೂದಲೆಳೆಯಷ್ಟು ಸಣ್ಣ ಭಾಗಗಳನ್ನು ಜೀವಮಾನವಿಡೀ ಕೂಡಿಸಿದ ಆ ಕಾರ್ಮಿಕರಲ್ಲಿ ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ. ಸ್ಪ್ರಿಂಗ್, ಗಾಲಿ, ತಿರುಪಿನ ಕೆಲಸ ಅವರಿಗೆ ಹೇಳಿಕೊಡಬೇಕಿಲ್ಲ. ತಿದಿ, ತೊಗಲು, ಸೋರುವ ಗಾಳಿಯ ವಿಷಯ ನಮ್ಮ ಹಾರ್ಮೋನಿಯಂ ರಿಪೇರಿಯವರಿಗೆ ಚೆನ್ನಾಗಿ ಗೊತ್ತು. ತುಕ್ಕು, ಬೂಷ್ಟು, ಕಾಗದದ ರಕ್ಷಣೆಯ ವಿಜ್ಞಾನಕ್ಕೆ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿಯೇ ಇದೆ, ಬೆಂಗಳೂರಿನಲ್ಲಿ ಪರಂಪರೆಯ ರಕ್ಷಣೆಗಿರುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ. ಈ ಮೂರು ಬಗೆಯವರನ್ನು ಒಂದು ಮೇಜಿನ ಸುತ್ತ ಕೂರಿಸಿ, ಸಂಗೀತ ಪೆಟ್ಟಿಗೆಗಳ ವಿಶೇಷ ಕೆಲಸವನ್ನು ಕಲಿಸಲು ಹೊರದೇಶದ ಒಬ್ಬ ಅನುಭವಿಯನ್ನು ಕೆಲವು ವಾರ ಕರೆಸಿದರೆ ರಾಜ್ಯಕ್ಕೆ ಒಂದು ಶಾಶ್ವತ ತಂಡ ಸಿಗುತ್ತದೆ. ಅರಮನೆಗಳ, ಚರ್ಚುಗಳ, ಹಳೆಯ ಶಾಲೆಗಳ ಗಡಿಯಾರಗಳಿಗೂ ಅದೇ ತಂಡ ಆದೀತು.

ಮಳೆಯ ಮಾತು ಬಿಡುವಂತಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಗೋಡೆಯೇ ಬೆವರುತ್ತದೆ, ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟು ಇರುವುದಿಲ್ಲ. ದುಬಾರಿ ಯಂತ್ರ ತಂದಿಟ್ಟು ಕರೆಂಟಿಗೆ ಕಾಯುವ ವ್ಯವಸ್ಥೆ ಇಲ್ಲಿ ನಡೆಯದು. ಗಾಳಿಯಾಡದ ಗಾಜಿನ ಪೆಟ್ಟಿಗೆ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಸಣ್ಣ ಮಾಪಕ, ಅದನ್ನು ದಿನವೂ ಬರೆದಿಡುವ ಒಬ್ಬ ನೌಕರ ಬೇಕು. ಇಷ್ಟೂ ಸಾಧ್ಯವಿಲ್ಲವೆಂದಾದರೆ ಮಳೆಗಾಲದ ಮಟ್ಟಿಗೆ ವಾದ್ಯಗಳನ್ನು ಮೈಸೂರಿಗೆ ಒಯ್ದು ಇಡಲಿ. ಊರಿನ ವಸ್ತು ಊರಲ್ಲೇ ಇರಬೇಕೆಂಬ ಅಭಿಮಾನ ನನಗೂ ಇದೆ, ಆದರೆ ಅಭಿಮಾನಕ್ಕೆ ತುಕ್ಕು ನಿಲ್ಲುವುದಿಲ್ಲ.

ಸ್ವೀಕರಿಸುವ ಬಗ್ಗೆ. ಕೊಡಗಿನವರು ಮನೆಯ ವಸ್ತುವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಐನ್‌ಮನೆಯ ಸಾಮಾನಿನಲ್ಲಿ ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಪಾಲಿದೆ. ದಾನ ಮಾತ್ರ ದಾರಿಯಾದರೆ ಎಷ್ಟೋ ಮನೆಗಳು ಹಿಂಜರಿಯುತ್ತವೆ. ಒಡೆತನ ಕುಟುಂಬದ್ದೇ ಆಗಿದ್ದು, ವಸ್ತು ದೀರ್ಘಕಾಲ ಸಂಗ್ರಹಾಲಯದ ವಶದಲ್ಲಿರುವ ಒಪ್ಪಂದಕ್ಕೆ ಅವಕಾಶ ಕೊಡಿ. ಮನೆತನದ ಹೆಸರು ಫಲಕದಲ್ಲಿರಲಿ. ರಸೀದಿ ಇಲ್ಲದಿದ್ದರೆ ಹಳೆಯ ಫೋಟೊ, ನೆರೆಹೊರೆಯವರ ಹೇಳಿಕೆ, ಕುಟುಂಬದವರ ಪ್ರಮಾಣಪತ್ರ ಸಾಕು ಎಂಬ ನಿಯಮ ಮಾಡಿ. ಕದ್ದ ಮಾಲು ಬರದಂತೆ ವಿಚಾರಿಸುವುದು ಅಗತ್ಯ, ನಿಜ. ವಿಚಾರಿಸುವುದು ಬೇರೆ, ಬಾಗಿಲು ಮುಚ್ಚುವುದು ಬೇರೆ. ಬಡತನದಿಂದ ಮಾರುವವರಿಗೆ ನ್ಯಾಯವಾದ ಬೆಲೆ ಕೊಡಲು ಖರೀದಿ ಸಮಿತಿಯಲ್ಲಿ ಈ ವಾದ್ಯಗಳನ್ನು ಬಲ್ಲ ಒಬ್ಬರಾದರೂ ಇರಲಿ. ಐತಿಹಾಸಿಕ ಮಹತ್ವದ, ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ ಎಂದು 1972ರ ಪ್ರಾಚೀನ ವಸ್ತುಗಳ ಕಾಯ್ದೆ ಹೇಳುತ್ತದೆ. ಈ ಮಾತು ಬಂಗಲೆ ಮಾರುವವರಿಗೂ ಕೊಳ್ಳುವವರಿಗೂ ತಿಳಿದಿಲ್ಲ. ತಿಳಿಸುವ ಕೆಲಸ ಯಾರದು?

ನಮ್ಮ ಕೊಡಗಿನ ವಾದ್ಯಗಳಾದ ದುಡಿ, ಕೊಂಬು, ಕೊಟ್ಟುಗಳಿಗೇ ದಿಕ್ಕಿಲ್ಲದಿರುವಾಗ ಬಿಳಿಯರ ಪೆಟ್ಟಿಗೆಗೆ ಹಣವೇ ಎಂದು ನನ್ನ ಗೆಳೆಯರೇ ಕೇಳಿದ್ದಾರೆ. ಅವರ ಸಿಟ್ಟನ್ನು ನಾನು ಗೌರವಿಸುತ್ತೇನೆ. ಆದರೆ ತೇವ ತಡೆಯುವ ಕೋಣೆ ಕಟ್ಟಿದರೆ ಅದರಲ್ಲಿ ದುಡಿಯ ತೊಗಲೂ ಉಳಿಯುತ್ತದೆ. ತೊಗಲು, ಮರ, ಲೋಹ ಬಲ್ಲ ತಂಡ ಬಂದರೆ ಕೊಂಬಿನ ಬಿರುಕನ್ನೂ ನೋಡುತ್ತದೆ. ಒಂದೇ ಕೋಣೆಯಲ್ಲಿ ದುಡಿಕೊಟ್ಟ್ ಹಾಡಿನ ಧ್ವನಿಮುದ್ರಣವೂ ಬಂಗಲೆಯ ಸಂಗೀತ ಪೆಟ್ಟಿಗೆಯೂ ಇದ್ದರೆ ಆ ಕಾಲದ ಕೊಡಗಿನಲ್ಲಿ ಕಣದಲ್ಲಿ ಏನು ಕೇಳುತ್ತಿತ್ತು, ಬಂಗಲೆಯಲ್ಲಿ ಏನು ಕೇಳುತ್ತಿತ್ತು ಎಂದು ಶಾಲೆಯ ಮಕ್ಕಳಿಗೆ ಒಟ್ಟಿಗೆ ತಿಳಿಯುತ್ತದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ 'ಸನ್ನಿಸೈಡ್' 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮನಸ್ಸು ಮಾಡಿದರೆ ಸರ್ಕಾರ ಮತ್ತು ಜನ ಸೇರಿ ಕೊಡಗಿನಲ್ಲಿ ಒಳ್ಳೆಯ ಕೆಲಸ ಮಾಡಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

2018ರ ಆಗಸ್ಟಿನಲ್ಲಿ ಬೆಟ್ಟ ಜರಿದಾಗ ಮಕ್ಕಂದೂರು, ಜೋಡುಪಾಲ ಕಡೆ ಮನೆಗಳೇ ಮಣ್ಣಿನಡಿ ಹೋದವು. ಜೀವ ಉಳಿದದ್ದೇ ದೊಡ್ಡದಾಗಿದ್ದ ಆ ದಿನಗಳಲ್ಲಿ ಅಟ್ಟದ ಸಾಮಾನನ್ನು ಯಾರೂ ಲೆಕ್ಕ ಹಾಕಲಿಲ್ಲ, ಹಾಕಬೇಕಾಗಿಯೂ ಇರಲಿಲ್ಲ. ಆದರೆ ಯಾವ ಮನೆಯಲ್ಲಿ ಏನಿತ್ತು ಎಂಬ ಪಟ್ಟಿ ಮೊದಲೇ ಇದ್ದಿದ್ದರೆ ಕನಿಷ್ಠ ಕಳೆದುಹೋದದ್ದು ಏನೆಂದಾದರೂ ಇಂದು ಗೊತ್ತಿರುತ್ತಿತ್ತು. ಆದ್ದರಿಂದ ಕೊಡಗಿನ ಬಂಗಲೆ, ಐನ್‌ಮನೆ, ಚರ್ಚು, ಕ್ಲಬ್ಬುಗಳಲ್ಲಿ ಉಳಿದಿರುವ ಯಾಂತ್ರಿಕ ವಾದ್ಯಗಳ ಒಂದು ಸಮೀಕ್ಷೆ ಮಾಡಿಸಿ. ಮಾಲೀಕರ ಹೆಸರು, ವಿಳಾಸ ಗೋಪ್ಯವಾಗಿರಲಿ, ಇಲ್ಲದಿದ್ದರೆ ಪಟ್ಟಿ ಕಳ್ಳರಿಗೆ ದಾರಿ ತೋರಿಸುತ್ತದೆ.

ಸಮೀಕ್ಷೆ, ಸಮಿತಿ, ಹಣ ಇವಕ್ಕೆಲ್ಲ ಸಮಯ ಹಿಡಿಯುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಒಂದು ಕೆಲಸಕ್ಕೆ ಆದೇಶವೂ ಬೇಡ, ಅನುದಾನವೂ ಬೇಡ. ಸೋಮವಾರಪೇಟೆಯ ಆ ತಾಯಿಯ ಅರ್ಜಿಗೆ ಉತ್ತರ ಕೊಡಿ. ಬೇಕು ಎನ್ನಿ, ಬೇಡ ಎನ್ನಿ, ಕಾಯಿರಿ ಎನ್ನಿ. ಮುಂಗಾರು ಹಿಡಿಯುವ ಮೊದಲು ತಮ್ಮ ಕಡೆಯ ಒಬ್ಬ ಅಧಿಕಾರಿಯನ್ನು ಕಳುಹಿಸಿದರೆ ಆ ಮನೆಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಪೆಟ್ಟಿಗೆಯ ಸ್ಪ್ರಿಂಗಿನ ಬಿಗುವನ್ನು ಅವರೆದುರಿಗೇ ಇಳಿಸಿ, ಸಾಗಿಸಲು ಸಿದ್ಧಮಾಡಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗಡಿಯಾರ ರಿಪೇರಿಗಾರ
ವಿರಾಜಪೇಟೆ, ಕೊಡಗು ಜಿಲ್ಲೆ